ಒಂದು ಕಾಲಿನ ಓಟ, ಒಂದೊಂದು ಡಾಲರಿನ ಪಾಲು



ಕಳೆದ ಸರ್ವಸದಸ್ಯರ ಸಭೆಯ ಚರ್ಚೆ ನಿಮಗೆ ನೆನಪಿರಬಹುದು. ಸಂಘದ ಲಾಭದಲ್ಲಿ ಒಂದು ಸಣ್ಣ ಪಾಲನ್ನು ಕ್ಯಾನ್ಸರ್ ಸಂಶೋಧನೆಗೆ ತೆಗೆದಿಡಬೇಕೆಂಬ ಸಲಹೆ ಬಂದಾಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಸೆಕ್ರೆಟರಿಗಳೇ, ರೋಗಿಯ ಕೈಗೆ ಕೊಟ್ಟರೆ ಔಷಧಿಯಾದರೂ ಬಂದೀತು. ಸಂಶೋಧನೆಗೆ ಕೊಟ್ಟ ನಮ್ಮ ಒಂದು ರೂಪಾಯಿಂದ ಏನಾದೀತು?" ಎಂದು ಕೇಳಿದರು. ಅಂದು ನನಗೆ ಉತ್ತರ ತೋಚಲಿಲ್ಲ. ವಿಷಯ ಮುಂದಿನ ಸಭೆಗೆ ಹೋಯಿತು. ಆಮೇಲೆ ತೋಟದಲ್ಲಿ ಔಷಧಿ ಹೊಡೆಸುತ್ತ ನಿಂತಾಗ ಕೆನಡಾ ದೇಶದ ಒಬ್ಬ ಹುಡುಗನ ಕಥೆ ನೆನಪಾಯಿತು. ಅದನ್ನೇ ಉತ್ತರವೆಂದು ಇಲ್ಲಿ ಬರೆಯುತ್ತಿದ್ದೇನೆ.

ಹುಡುಗನ ಹೆಸರು ಟೆರಿ ಫಾಕ್ಸ್. ಹುಟ್ಟಿದ್ದು 1958ರಲ್ಲಿ. 1977ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಮೂಳೆಯ ಕ್ಯಾನ್ಸರಿನಿಂದಾಗಿ ಅವನ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಬೇಕಾಯಿತು. ಬದುಕುವ ಸಂಭವ ನೂರಕ್ಕೆ 50 ಎಂದು ಅವನಿಗೆ ತಿಳಿಯಿತು. ಎರಡೇ ವರ್ಷಗಳ ಹಿಂದೆ ಈ ಸಂಭವ ನೂರಕ್ಕೆ 15 ಮಾತ್ರ ಇತ್ತಂತೆ. ನಡುವಿನ ಆ ವ್ಯತ್ಯಾಸ ಸಂಶೋಧನೆಯ ಫಲವೆಂಬುದು ಅವನ ಮನಸ್ಸಿಗೆ ನಾಟಿತು. ವಾರ್ಡಿನಲ್ಲಿ ನರಳುತ್ತಿದ್ದ ಎಳೆಯ ಮಕ್ಕಳನ್ನು ಕಣ್ಣಾರೆ ಕಂಡಿದ್ದ ಅವನು, ದೇಶವನ್ನು ಉದ್ದಕ್ಕೂ ಓಡಿ ಸಂಶೋಧನೆಗೆ ಹಣ ಕೂಡಿಸುವೆನೆಂದು ನಿಶ್ಚಯಿಸಿದ. 1979ರಲ್ಲಿ ಪ್ರಿನ್ಸ್ ಜಾರ್ಜ್ ಎಂಬ ಊರಿನ ಸ್ಪರ್ಧೆಯಲ್ಲಿ ಸುಮಾರು 27 ಕಿ.ಮೀ. ಓಡಿ ಎಲ್ಲರಿಗಿಂತ ಕೊನೆಯವನಾಗಿ ಮುಟ್ಟಿದ. ಆದರೂ ನಿಶ್ಚಯ ಬದಲಾಗಲಿಲ್ಲ.

1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್ ಪಟ್ಟಣದಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದ ನೀರಿಗೆ ಅದ್ದಿ ಓಟ ಆರಂಭಿಸಿದ. ಮ್ಯಾರಥಾನ್ ಎಂದರೆ 42 ಕಿ.ಮೀ.ಗೂ ಮಿಕ್ಕ ಓಟ. ಒಮ್ಮೆ ಓಡಿದವರೇ ವಾರಗಟ್ಟಲೆ ಕಾಲು ನೀವಿಕೊಳ್ಳುತ್ತಾರೆ. ಇವನು ಹೆಚ್ಚುಕಡಿಮೆ ದಿನವೂ ಅಷ್ಟು ದೂರ ಓಡಿದ. ಆ ಕಾಲದ ಕೃತಕ ಕಾಲು ಓಟಕ್ಕೆಂದು ಮಾಡಿದ್ದಲ್ಲ. ಮೊಂಡುಗಾಲು ಉಜ್ಜಿ ರಕ್ತ ಒಸರುತ್ತಿತ್ತು. ಮೊದಮೊದಲು ಕೆಲವು ಊರುಗಳಲ್ಲಿ ಕೇಳುವವರೇ ಇರಲಿಲ್ಲ. ಆದರೆ ಸುಮಾರು 10,000 ಜನರಿದ್ದ ಪೋರ್ಟ್ ಓ ಬಾಸ್ಕ್ ಎಂಬ ಊರು 10,000 ಡಾಲರಿಗೂ ಹೆಚ್ಚು ಕೂಡಿಸಿ ಕೊಟ್ಟಿತು. ಎಂದರೆ ತಲೆಗೊಂದು ಡಾಲರು! ಕೆನಡಾದ ಪ್ರತಿಯೊಬ್ಬರಿಂದಲೂ ಒಂದೊಂದು ಡಾಲರು ಎಂಬುದೇ ಅವನ ಗುರಿಯಾಯಿತು.

143 ದಿನಗಳಲ್ಲಿ 5,373 ಕಿ.ಮೀ. ಓಡಿದ ಮೇಲೆ, ಸೆಪ್ಟೆಂಬರ್ 1ರಂದು ಆಂಟೇರಿಯೋ ಪ್ರಾಂತದ ಥಂಡರ್ ಬೇ ಹತ್ತಿರ ಓಟ ನಿಂತಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 1981ರ ಫೆಬ್ರವರಿ ಹೊತ್ತಿಗೆ ನಿಧಿ 2 ಕೋಟಿ 41 ಲಕ್ಷ ಡಾಲರು ಮುಟ್ಟಿತು. ಅಂದಿನ ಜನಸಂಖ್ಯೆಗೆ ಅದು ತಲೆಗೊಂದು ಡಾಲರಿನ ಲೆಕ್ಕವೇ. ಜೂನ್ 28ರಂದು, 22ರ ವಯಸ್ಸಿಗೆ, ಹುಡುಗ ತೀರಿಕೊಂಡ. ಅದೇ ವರ್ಷ ಆರಂಭವಾದ ಅವನ ಹೆಸರಿನ ಓಟ ಈಗಲೂ ವರ್ಷವರ್ಷವೂ ನಡೆಯುತ್ತಿದೆ. ಅದರಲ್ಲಿ ಗೆದ್ದವರೂ ಇಲ್ಲ, ಬಹುಮಾನವೂ ಇಲ್ಲ. ಈವರೆಗೆ ಕೂಡಿದ ಹಣ 85 ಕೋಟಿ ಡಾಲರಿಗೂ ಹೆಚ್ಚು. ಇಂದು ಅದೇ ಮೂಳೆ ಕ್ಯಾನ್ಸರ್ ಬಂದ ಅನೇಕರಿಗೆ ಗಡ್ಡೆಯ ಭಾಗವನ್ನಷ್ಟೇ ತೆಗೆದು ಕಾಲನ್ನು ಉಳಿಸುವ ಚಿಕಿತ್ಸೆ ಇದೆ. ಇಂಥ ಬದಲಾವಣೆ ಒಂದು ದೇಶದ ಅಥವಾ ಒಂದು ನಿಧಿಯ ಸಾಧನೆಯಲ್ಲ. ಹಲವರ ಪಾಲು ಸೇರಿ ಆದದ್ದು.

ಸಂಶೋಧನೆಯಿಂದ ನಮಗೇನು ಬಂತು ಎಂದು ಕೇಳುವ ನಾವು ನಮ್ಮ ತೋಟವನ್ನೇ ಒಮ್ಮೆ ನೋಡಬೇಕು. ನಮ್ಮ ಹಿರಿಯರು ಕೊಳೆರೋಗಕ್ಕೆ ಹೆದರಿ ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಆ ರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಲು ಕಲಿಸಿದರು. ಅವರೂ ಕೆನಡಾದವರೇ. ಇಂದಿಗೂ ಮಳೆಗಾಲಕ್ಕೆ ಮುಂಚೆ ನಾವು ನಂಬಿರುವುದು ಅದನ್ನೇ. ಕಾಫಿಯ ಕೊಳೆರೋಗಕ್ಕೂ ಅದೇ ಮದ್ದು. ಆ ಅಭ್ಯಾಸಕ್ಕೆ ಖರ್ಚಾದ ಹಣ ಯಾರ ಬೆವರಿನದೋ, ಫಲ ಉಣ್ಣುತ್ತಿರುವವರು ನಾವು.

ಇನ್ನೊಂದು ಮಾತನ್ನು ಅಡಿಕೆ ಬೆಳೆಗಾರನಾಗಿ ಸಂಕಟದಿಂದಲೇ ಹೇಳಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಯದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ಹೇಳಿದೆ. ಪೂಜೆಗೆ, ಮದುವೆಗೆ, ಮನೆಗೆ ಬಂದವರಿಗೆ ನಾವು ಕೊಡುವ ವಸ್ತುವಿದು. ನಮ್ಮ ಮಕ್ಕಳ ವಿದ್ಯೆಗೆ ಹಣ ತಂದುಕೊಟ್ಟ ವಸ್ತು. ಕೋಪ ಬರುವುದು ಸಹಜ. ಆದರೆ ಬಾಯಿಯ ಹುಣ್ಣನ್ನು ತೋರಿಸಲು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವವರಲ್ಲಿ ನಮ್ಮ ಆಳುಕಾಳುಗಳೂ ನೆಂಟರಿಷ್ಟರೂ ಇರುತ್ತಾರೆ. ವರದಿಯನ್ನು ಬೈದರೆ ಅವರ ಹುಣ್ಣು ಮಾಯುವುದಿಲ್ಲ. ರೋಗವನ್ನು ಬೇಗ ಪತ್ತೆಹಚ್ಚಲು, ವಾಸಿಮಾಡಲು, ಅಡಿಕೆಗೆ ಜಗಿಯುವುದಲ್ಲದೆ ಬೇರೆ ಉಪಯೋಗ ಹುಡುಕಲು ದಾರಿ ಒಂದೇ. ಅದೂ ಸಂಶೋಧನೆಯೇ.

ಆದ್ದರಿಂದ ಮುಂದಿನ ಸಭೆಯಲ್ಲಿ ಆ ಸಲಹೆಯನ್ನು ನಾನೇ ಮತ್ತೆ ಮಂಡಿಸಲಿದ್ದೇನೆ. ಒಪ್ಪುವುದು ಬಿಡುವುದು ತಮ್ಮ ಚಿತ್ತ. ಒಂದು ರೂಪಾಯಿಂದ ಏನಾದೀತು ಎಂದ ಹಿರಿಯರಲ್ಲಿ ನನ್ನದೊಂದೇ ವಿನಂತಿ: ನಮ್ಮ ಸಂಘವೂ ಶುರುವಾದದ್ದು ಸಣ್ಣ ಸಣ್ಣ ಷೇರು ಹಣದಿಂದಲೇ ಅಲ್ಲವೇ?