ರೈಲೇರಿದ ಲಾರಿಯೂ ಮನೆಯ ಗಣಕಯಂತ್ರವೂ

ಕೊಂಕಣ ರೈಲುಮಾರ್ಗದ ಒಂದು ನೋಟವನ್ನು ಕಾರವಾರ-ಅಂಕೋಲೆಗಳ ಮಕ್ಕಳು ಚೆನ್ನಾಗಿ ಬಲ್ಲರು. ಇಂಜಿನ್ನಿನ ಹಿಂದೆ ತೆರೆದ ಗಾಡಿಗಳ ಉದ್ದನೆಯ ಸಾಲು. ಗಾಡಿಗಳ ಮೇಲೆ ಸರಕು ತುಂಬಿದ ಲಾರಿಗಳು. ಲಾರಿಯೊಳಗೆ ಡ್ರೈವರನೂ ಕ್ಲೀನರನೂ ನಿಶ್ಚಿಂತರಾಗಿ ಕಾಲು ಚಾಚಿರುತ್ತಾರೆ. ೧೯೯೯ರಲ್ಲಿ ಆರಂಭವಾದ ಈ ಏರ್ಪಾಡು ಮುಂದೆ ಮಹಾರಾಷ್ಟ್ರದ ಕೋಲಾಡದಿಂದ ಸುರತ್ಕಲ್‌ವರೆಗೂ ಹಬ್ಬಿತು. ಲಾರಿಗೆ ತನ್ನದೇ ಇಂಜಿನ್ನುಂಟು, ತನ್ನದೇ ಚಾಲಕನುಂಟು. ಆದರೂ ಅಷ್ಟು ಹೊತ್ತು ಅದು ರೈಲಿನ ಅತಿಥಿ. ಅದೇ ಹಳಿಯ ಮೇಲೆ ಇನ್ನೊಂದು ಬಗೆಯ ಗಾಡಿಯೂ ಓಡುತ್ತದೆ. ಅದು ಹೊತ್ತಿರುವುದು ಬರಿಯ ಉಕ್ಕಿನ ಪೆಟ್ಟಿಗೆಗಳನ್ನು. ಅವುಗಳಿಗೆ ಇಂಜಿನ್ನೂ ಇಲ್ಲ, ಗಾಲಿಯೂ ಇಲ್ಲ. ಹೊತ್ತವನ ಬಲವೇ ಅವುಗಳ ಬಲ.

ಈ ಎರಡು ಗಾಡಿಗಳ ಭೇದವನ್ನು ಬಲ್ಲವರಿಗೆ ಇಂದಿನ ಗಣಕಶಾಸ್ತ್ರದ ಎರಡು ಮಾತುಗಳು ಅರ್ಧ ತಿಳಿದಂತೆಯೇ ಸರಿ. ಒಂದು ವರ್ಚುಯಲ್ ಮಶೀನ್, ಅಂದರೆ ತೋರಿಕೆಯ ಯಂತ್ರ; ಇನ್ನೊಂದು ಕಂಟೇನರ್. ಒಂದೇ ಗಣಕಯಂತ್ರದೊಳಗೆ ಹಲವು ಯಂತ್ರಗಳಿರುವಂತೆ ಭಾಸವಾಗಿಸುವುದು ಎರಡರ ಉದ್ದೇಶವೂ ಹೌದು. ತೋರಿಕೆಯ ಯಂತ್ರವು ರೈಲೇರಿದ ಲಾರಿ: ತನಗೆ ಬೇಕಾದ ಕಾರ್ಯಾಚರಣ ವ್ಯವಸ್ಥೆಯನ್ನು ಅದು ಪೂರ್ತಿಯಾಗಿ ತನ್ನೊಡನೆಯೇ ಹೊತ್ತು ತರುತ್ತದೆ. ಕಂಟೇನರು ಪೆಟ್ಟಿಗೆ: ಒಂದು ತಂತ್ರಾಂಶವೂ ಅದಕ್ಕೆ ಬೇಕಾದ ಸಾಮಗ್ರಿಯೂ ಮಾತ್ರ ಅದರೊಳಗಿರುತ್ತವೆ, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಹೊರಗಿನ ಯಂತ್ರದ್ದು. ಆದುದರಿಂದಲೇ ಲಾರಿ ಭಾರ, ಪೆಟ್ಟಿಗೆ ಹಗುರ. ಮೊದಲನೆಯದು ಕಣ್ತೆರೆಯಲು ಅರ್ಧ ನಿಮಿಷವಾದರೂ ಬೇಕು; ಎರಡನೆಯದಕ್ಕೆ ಒಂದೆರಡು ಕ್ಷಣ ಸಾಕು.

ಇವು ದೊಡ್ಡ ಕಂಪನಿಗಳ ವ್ಯವಹಾರವಲ್ಲವೆ, ಗೃಹಸ್ಥರಿಗೇಕೆ ಎಂದು ಕೇಳಬಹುದು. ಒಂದು ಕಾಲದಲ್ಲಿ ಹಾಗಿದ್ದುದು ನಿಜ. ಅಮೆರಿಕದ ಐಬಿಎಂ ಸಂಸ್ಥೆಯ ಕೇಂಬ್ರಿಜ್ ಕೇಂದ್ರದಲ್ಲಿ ೧೯೬೦ರ ದಶಕದ ನಡುವಿನಲ್ಲಿ ಈ ವಿದ್ಯೆ ಹುಟ್ಟಿದಾಗ ಯಂತ್ರವೊಂದು ಕೋಣೆಯನ್ನೇ ತುಂಬುತ್ತಿತ್ತು. ಹಲವು ವಿಜ್ಞಾನಿಗಳು ಒಂದನ್ನೇ ಹಂಚಿಕೊಳ್ಳಬೇಕಾದ ಬಡತನವೇ ಈ ಉಪಾಯದ ತಾಯಿ. ೧೯೯೯ರಲ್ಲಿ ವಿಎಂವೇರ್ ಕಂಪನಿಯು ಅದನ್ನು ಮೇಜಿನ ಮೇಲಿನ ಯಂತ್ರಕ್ಕೆ ಇಳಿಸಿತು. ೨೦೦೭ರಲ್ಲಿ ಲಿನಕ್ಸ್ ಕರ್ನಲ್ಲಿಗೆ ಕೆವಿಎಂ ಎಂಬ ಭಾಗ ಸೇರಿದ ಮೇಲೆ ಅದು ಯಾರಿಗಾದರೂ ಬಿಟ್ಟಿಯಾಗಿ ದೊರೆಯತೊಡಗಿತು. ಕಂಟೇನರುಗಳನ್ನು ಜನಪ್ರಿಯಗೊಳಿಸಿದ ಡಾಕರ್ ಬಂದುದು ೨೦೧೩ರಲ್ಲಿ. ಅದರ ಹೆಸರು ಬಂದರಿನ ಹಮಾಲಿಯನ್ನು ನೆನಪಿಸುವುದು ಆಕಸ್ಮಿಕವಲ್ಲ. ೧೯೫೬ರಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಸಾಗಣೆ ವ್ಯಾಪಾರಿ ೫೮ ಪೆಟ್ಟಿಗೆಗಳನ್ನು ಹಡಗಿಗೇರಿಸಿ ನ್ಯೂಯಾರ್ಕಿನ ಬಳಿಯ ನ್ಯೂಅರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದನಷ್ಟೆ. ಒಳಗಿನ ವಸ್ತು ಏನೇ ಇರಲಿ, ಪೆಟ್ಟಿಗೆಯ ಅಳತೆ ಒಂದೇ ಇರಲಿ ಎಂಬ ಅವನ ತತ್ತ್ವವೇ ಇಲ್ಲಿಯದೂ ಆಗಿದೆ.

ಇನ್ನು ಮನೆಯ ಮಾತು. ಅಂಕೋಲೆಯಲ್ಲಿ ಒಂದು ಮಧ್ಯಮ ವರ್ಗದ ಸಂಸಾರವನ್ನು ಊಹಿಸಿಕೊಳ್ಳೋಣ. ಅಜ್ಜನು ನಿವೃತ್ತ ಶಿಕ್ಷಕ. ಅವನು ಊರಿನ ಕಥೆಗಳನ್ನೂ ಮನೆತನದ ವೃತ್ತಾಂತವನ್ನೂ ಇಪ್ಪತ್ತು ವರ್ಷಗಳ ಹಿಂದೆ ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರದಲ್ಲಿ ಟೈಪು ಮಾಡಿಟ್ಟಿದ್ದಾನೆ. ಮಗನು ಬೆಂಗಳೂರಿನಲ್ಲಿ, ಮಗಳು ಮಸ್ಕತ್ತಿನಲ್ಲಿ. ಮದುವೆ ಮುಂಜಿಗಳ ಛಾಯಾಚಿತ್ರಗಳು ಐದಾರು ಫೋನುಗಳಲ್ಲಿ ಹಂಚಿಹೋಗಿವೆ. ಹಳೆಯ ಯಂತ್ರ ಯಾವ ದಿನ ಕಣ್ಮುಚ್ಚುವುದೋ ತಿಳಿಯದು. ಇಂತಹ ಮನೆಗಳು ಕರಾವಳಿಯಲ್ಲಿ ನೂರಾರಿವೆ.

ಅಜ್ಜನ ಬರಹದ ಸಮಸ್ಯೆ ಕನ್ನಡಿಗರಿಗೆ ವಿಶೇಷವಾದದ್ದು. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಮೊದಲಾದವುಗಳು ಅಕ್ಷರಗಳನ್ನು ತಂತಮ್ಮ ಸಂಕೇತಗಳಲ್ಲಿ ಇಡುತ್ತಿದ್ದವು. ಆ ಫಾಂಟುಗಳಿಲ್ಲದ ಇಂದಿನ ಯಂತ್ರದಲ್ಲಿ ಅಂತಹ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಎಕ್ಸ್‌ಪಿಯ ಪೋಷಣೆಯನ್ನು ಅದರ ತಯಾರಕರು ೨೦೧೪ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. ಅದನ್ನು ಅಂತರ್ಜಾಲಕ್ಕೆ ಜೋಡಿಸುವುದು ಬಾಗಿಲಿಲ್ಲದ ಮನೆಯಲ್ಲಿ ಮಲಗಿದಂತೆ. ಇಲ್ಲಿಯೇ ಲಾರಿಯ ಉಪಯೋಗ. ಮನೆಯಲ್ಲಿರುವ ಅಧಿಕೃತ ಪ್ರತಿಯಿಂದ ಎಕ್ಸ್‌ಪಿಯನ್ನು ಒಂದು ತೋರಿಕೆಯ ಯಂತ್ರದೊಳಗೆ ನೆಲೆಗೊಳಿಸಿ, ಅದಕ್ಕೆ ಜಾಲದ ಸಂಪರ್ಕವನ್ನೇ ಕೊಡದೆ, ಹಳೆಯ ಫಾಂಟುಗಳನ್ನು ಹಾಕಿದರೆ ಅಜ್ಜನ ಕನ್ನಡ ಮತ್ತೆ ಕನ್ನಡವಾಗಿ ಕಾಣುತ್ತದೆ. ಆಮೇಲೆ ನಿಧಾನವಾಗಿ ಯೂನಿಕೋಡಿಗೆ ಪರಿವರ್ತಿಸಬಹುದು. ಲಿನಕ್ಸಿನ ಕಂಟೇನರು ಈ ಕೆಲಸಕ್ಕೆ ಬಾರದು. ಹೊರಗಿನ ಕರ್ನಲ್ಲನ್ನು ನಂಬಿ ಬದುಕುವ ಪೆಟ್ಟಿಗೆಯಲ್ಲಿ ವಿಂಡೋಸ್ ವಾಸಿಸುವುದೆಂತು?

ಛಾಯಾಚಿತ್ರಗಳಿಗೆ ಪೆಟ್ಟಿಗೆಯೇ ಲೇಸು. ಇಮ್ಮಿಚ್ ಎಂಬ ಮುಕ್ತ ತಂತ್ರಾಂಶವು ಫೋನಿನ ಚಿತ್ರಗಳನ್ನು ತಾನಾಗಿ ಮನೆಯ ಯಂತ್ರಕ್ಕೆ ತಂದು, ದಿನಾಂಕದಂತೆ ಜೋಡಿಸಿ, ಮುಖ ಗುರುತಿಸಿ ತೋರಿಸುತ್ತದೆ. ಅದು ಹಲವು ಕಂಟೇನರುಗಳ ಒಂದು ಕಟ್ಟಾಗಿ ಬರುತ್ತದೆ. ಒಂದು ಪುಟದ ವಿವರಣೆಯ ಕಡತವನ್ನು ಡಾಕರಿಗೆ ಒಪ್ಪಿಸಿದರೆ ಉಳಿದುದನ್ನು ಅದೇ ತಂದು ನಿಲ್ಲಿಸುತ್ತದೆ. ಆದರೆ ಪೆಟ್ಟಿಗೆಗಳ ಬಾಳು ವಠಾರದ ಬಾಳಿನಂತೆ. ಬಾವಿ ಒಂದೇ, ಅದು ಕೆಟ್ಟರೆ ಎಲ್ಲರ ಕೊಡವೂ ಕೆಟ್ಟಂತೆ. ಈ ಕಾರಣದಿಂದ ಅನುಭವಿಗಳು ಡಾಕರನ್ನು ನೇರವಾಗಿ ಹಿರಿಯ ಯಂತ್ರದ ಮೇಲೆ ಇಡದೆ, ಒಂದು ತೋರಿಕೆಯ ಯಂತ್ರ ಮಾಡಿ ಅದರೊಳಗೆ ಇಡುತ್ತಾರೆ. ಲಾರಿಯ ಮೇಲೆ ಪೆಟ್ಟಿಗೆ, ರೈಲಿನ ಮೇಲೆ ಲಾರಿ!

ಈ ರೈಲಿನ ಪಾತ್ರ ವಹಿಸುವುದಕ್ಕೆ ವಿಯೆನ್ನಾದಲ್ಲಿ ತಯಾರಾಗಿ ೨೦೦೮ರಿಂದ ಪ್ರಚಾರದಲ್ಲಿರುವ ಪ್ರಾಕ್ಸ್‌ಮಾಕ್ಸ್ ಎಂಬ ವ್ಯವಸ್ಥೆಯನ್ನು ಅನೇಕರು ಆರಿಸುತ್ತಾರೆ. ಹೊಸ ಯಂತ್ರ ಬೇಕೆಂದಿಲ್ಲ. ಕಚೇರಿಗಳಲ್ಲಿ ಸವೆದು ಮಾರಾಟಕ್ಕೆ ಬಂದ, ಪುಸ್ತಕದಷ್ಟೇ ದಪ್ಪದ ಪುಟ್ಟ ಗಣಕಯಂತ್ರವಿದ್ದರೆ ಸಾಕು. ರ‍್ಯಾಮ್ ೮ ಜಿಬಿ ಇದ್ದರೆ ಕಲಿಯಬಹುದು, ೧೬ ಇದ್ದರೆ ಸುಖ. ಮೊದಲು ಯಂತ್ರದ ಬಯೋಸ್ ಪುಟದಲ್ಲಿ ವರ್ಚುಯಲೈಸೇಶನ್ ಎಂಬುದನ್ನು ಚಾಲನೆಗೊಳಿಸಬೇಕು. ಹಲವು ಯಂತ್ರಗಳಲ್ಲಿ ಅದು ಮುಚ್ಚಿಯೇ ಇರುತ್ತದೆ, ಹೊಸಬರು ಅರ್ಧ ದಿನ ಕಳೆಯುವುದು ಅಲ್ಲಿಯೇ. ಇನ್ನೊಂದು ಎಚ್ಚರ: ಪೆನ್ ಡ್ರೈವಿನಿಂದ ಪ್ರಾಕ್ಸ್‌ಮಾಕ್ಸನ್ನು ಸ್ಥಾಪಿಸುವಾಗ ಆರಿಸಿದ ಡಿಸ್ಕಿನಲ್ಲಿರುವುದೆಲ್ಲವೂ ಅಳಿಸಿಹೋಗುತ್ತದೆ. ಅಜ್ಜನ ಯಂತ್ರದ ಮೇಲೆಯೇ ಪ್ರಯೋಗಕ್ಕೆ ತೊಡಗುವ ಮೊಮ್ಮಕ್ಕಳು ಇದನ್ನು ಎರಡು ಸಲ ಓದಬೇಕು.

ಖರ್ಚಿನ ಲೆಕ್ಕವನ್ನು ಗೃಹಿಣಿಯರು ಕೇಳದೆ ಬಿಡರು. ಸದಾ ಉರಿಯುವ ೧೫ ವ್ಯಾಟಿನ ಪುಟ್ಟ ಯಂತ್ರ ತಿಂಗಳಿಗೆ ಸುಮಾರು ೧೧ ಯೂನಿಟ್ ತಿನ್ನುತ್ತದೆ. ೬೦ ವ್ಯಾಟಿನ ಹಳೆಯ ಗೋಪುರವಾದರೆ ೪೩ ಯೂನಿಟ್. ಬಿಟ್ಟಿ ಸಿಕ್ಕಿತೆಂದು ದೊಡ್ಡ ಯಂತ್ರವನ್ನು ಮನೆಗೆ ತರುವುದು ಹೀಗೆ ಕೆಲವೊಮ್ಮೆ ದುಬಾರಿಯಾದೀತು.

ಕರಾವಳಿಯ ಕಷ್ಟಗಳು ಬೇರೆಯೇ ಇವೆ. ಕಾರವಾರ ತಾಲೂಕಿನ ಕೈಗಾದಲ್ಲಿ ೨೨೦ ಮೆಗಾವ್ಯಾಟಿನ ನಾಲ್ಕು ಅಣುವಿದ್ಯುತ್ ಘಟಕಗಳಿದ್ದರೇನು, ಆಷಾಢದ ಗಾಳಿಗೆ ತಂತಿಯ ಮೇಲೊಂದು ಮರ ಬಿದ್ದರೆ ಊರಿಗೆ ಊರೇ ಕತ್ತಲು. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಡಿಸ್ಕಿನ ಕಡತ ಕೆಡುವ ಸಂಭವವಿದೆ. ಆದುದರಿಂದ ಯುಪಿಎಸ್ ಬೇಕು. ಅದೂ ತಂತಿಯ ಮೂಲಕ ಯಂತ್ರಕ್ಕೆ ಸುದ್ದಿ ಮುಟ್ಟಿಸಿ, ಬ್ಯಾಟರಿ ಮುಗಿಯುವ ಮೊದಲೇ ಎಲ್ಲವನ್ನೂ ಕ್ರಮವಾಗಿ ಮುಚ್ಚಿಸುವಂಥದು. ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ; ಸಮುದ್ರದ ಕಡೆಯ ಕಿಟಕಿಯ ಬಳಿ ಯಂತ್ರವನ್ನು ಇಡಲಾಗದು. ನೆಲದ ಮೇಲಂತೂ ಕೂಡದು. ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಗಂಗಾವಳಿ ಉಕ್ಕಿ ಅಂಕೋಲಾ ತಾಲೂಕಿನ ಊರುಗಳಿಗೆ ನುಗ್ಗಿತು. ಅಂತಹ ನೀರಿಗೆ ಟ್ರಂಕಿನಲ್ಲಿಟ್ಟ ಹಳೆಯ ಆಲ್ಬಮ್ಮೂ ಒಂದೇ, ಡಿಸ್ಕೂ ಒಂದೇ.

ಆರಂಭಿಕರು ಬಹುವಾಗಿ ಎಡವುವುದು ಇಲ್ಲಿ. ಯಂತ್ರಗಳನ್ನು ಕಟ್ಟಿ ನಿಲ್ಲಿಸುವ ಸಂಭ್ರಮದಲ್ಲಿ, ಅವುಗಳೊಳಗೆ ಇರಬೇಕಾದ ವಸ್ತುವಿನ ಚಿಂತೆ ಹಿಂದೆ ಬೀಳುತ್ತದೆ. ಕಂಟೇನರು ಕ್ಷಣಿಕ ಜೀವಿ. ಹೊಸ ಆವೃತ್ತಿ ಬಂದೊಡನೆ ಹಳೆಯದನ್ನು ಎಸೆದು ಹೊಸದನ್ನು ನಿಲ್ಲಿಸುವುದೇ ಅದರ ಧರ್ಮ. ಅದರ ಹೊಟ್ಟೆಯೊಳಗೇ ಚಿತ್ರಗಳು ಉಳಿದಿದ್ದರೆ ಅವೂ ಅದರೊಡನೆ ಹೋದವು. ಹಿರಿಯ ಡಿಸ್ಕಿನ ಒಂದು ಗೊತ್ತಾದ ಕೋಶವನ್ನು ವಾಲ್ಯೂಮ್ ಎಂಬ ಹೆಸರಿನಿಂದ ಅದಕ್ಕೆ ಜೋಡಿಸಿ, ಚಿತ್ರಗಳನ್ನೂ ಅವುಗಳ ದತ್ತಾಂಶವನ್ನೂ ಅಲ್ಲಿಯೇ ಇಡಿಸಬೇಕು. ತೋರಿಕೆಯ ಯಂತ್ರದ ಸ್ನ್ಯಾಪ್‌ಶಾಟ್ ತುಂಬ ಅನುಕೂಲವಾದುದು, ತಪ್ಪು ಹೆಜ್ಜೆಯಿಟ್ಟರೆ ನಿನ್ನೆಯ ಸ್ಥಿತಿಗೆ ಮರಳಬಹುದು. ಆದರೆ ಅದು ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕು ಸತ್ತರೆ ನಿನ್ನೆಯೂ ಸತ್ತಂತೆಯೇ. ಎರಡು ಡಿಸ್ಕುಗಳನ್ನು ಒಂದಕ್ಕೊಂದು ಕನ್ನಡಿಯಾಗಿಸಿದರೂ ಅಷ್ಟೆ: ಕೈತಪ್ಪಿ ಅಳಿಸಿದ್ದು ಎರಡರಲ್ಲಿಯೂ ಏಕಕಾಲಕ್ಕೆ ಅಳಿಯುತ್ತದೆ.

ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ ಎಂಬುದು ಬಲ್ಲವರ ಸೂತ್ರ. ಕಾರವಾರದವರಿಗೆ ಬೇರೆ ಊರೆಂದರೆ ಅಂಕೋಲೆಯಾಗದು. ೨೦೨೪ರ ಜುಲೈ ೧೬ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಮೂರು ವಾರ ಕಳೆದು, ಆಗಸ್ಟ್ ೭ರ ನಡುರಾತ್ರಿ, ಕಾಳಿಯ ಹಳೆಯ ಸೇತುವೆ ನದಿಗೆ ಬಿತ್ತು. ಒಂದೇ ಮಳೆ ಎರಡೂ ತಾಲೂಕುಗಳನ್ನು ಹಿಡಿಯಬಲ್ಲದು. ಪ್ರತಿಯು ಘಟ್ಟದ ಮೇಲಿರುವುದೇ ಕ್ಷೇಮ. ಬೆಂಗಳೂರಿನ ಮಗನ ಮನೆಯಲ್ಲಿ ಒಂದು ಡಿಸ್ಕು ಇಟ್ಟು, ರಾತ್ರಿಯ ಹೊತ್ತು ಅಂದಂದಿನ ಬದಲಾವಣೆಯನ್ನಷ್ಟೇ ಗೂಢಲಿಪಿಯಲ್ಲಿ ಕಳುಹಿಸಬಹುದು. ಇದಕ್ಕಾಗಿ ಮನೆಯ ಬಾಗಿಲನ್ನು ಜಗತ್ತಿಗೆಲ್ಲ ತೆರೆದಿಡುವ ಅಗತ್ಯವಿಲ್ಲ. ವೈರ್‌ಗಾರ್ಡ್‌ನಂತಹ ಗುಪ್ತಮಾರ್ಗವೊಂದಿದ್ದರೆ ಮಸ್ಕತ್ತಿನ ಮಗಳೂ ಅದರಲ್ಲಿಯೇ ಬಂದು ಚಿತ್ರ ನೋಡಿಕೊಂಡು ಹೋಗಬಹುದು. ಮನೆಯ ಸಂಪರ್ಕಕ್ಕೆ ಸ್ವಂತ ಸಾರ್ವಜನಿಕ ವಿಳಾಸವಿರದಿದ್ದರೆ ಮಾತ್ರ ನಡುವೆ ಹೊರಗಿನದೊಂದು ಸೇವೆಯ ನೆರವು ಬೇಕಾದೀತು.

ಇಷ್ಟೆಲ್ಲ ಆದ ಮೇಲೂ ಒಂದು ಕೆಲಸ ಉಳಿಯುತ್ತದೆ, ಅದನ್ನು ಮಾಡುವವರು ವಿರಳ. ಮೇ ತಿಂಗಳ ಕೊನೆಗೆ, ಕರಿ ಇಷಾಡು ಮಾವು ಮುಗಿಯುತ್ತ ಬರುವಾಗ, ಒಂದು ಭಾನುವಾರ ಹೊಸದೊಂದು ತೋರಿಕೆಯ ಯಂತ್ರವನ್ನು ಮಾಡಬೇಕು. ಮನೆಯ ಡಿಸ್ಕಿನ ಕಡೆಗೆ ನೋಡದೆ, ಬೆಂಗಳೂರಿನ ಪ್ರತಿಯಿಂದಲೇ ಎಲ್ಲವನ್ನೂ ಅದರೊಳಗೆ ಮರಳಿ ತಂದು, ಅಜ್ಜಿಯ ಮದುವೆಯ ಚಿತ್ರವೊಂದನ್ನೂ ಅಜ್ಜನ ಬರಹದ ಒಂದು ಪುಟವನ್ನೂ ತೆರೆದು ನೋಡಬೇಕು. ತೆರೆದರೆ ಆ ಯಂತ್ರವನ್ನು ಅಳಿಸಿಹಾಕಬಹುದು. ತೆರೆಯದಿದ್ದರೆ, ಮಳೆ ಹಿಡಿಯಲು ಇನ್ನೂ ಒಂದು ವಾರವಾದರೂ ಉಳಿದಿರುತ್ತದೆ.