ಕುಟ್ಟಾಣಿಯಲ್ಲಿ ಮಾತ್ರೆ ಕುಟ್ಟುವ ಕೈಗೆ ಯಾರು ಹೇಳ್ತಾರೆ?

ಕಳೆದ ಮಳೆಗಾಲದಲ್ಲಿ ಹೊಸನಗರ ತಾಲ್ಲೂಕಿನ ನೆಂಟರ ಮನೆಗೆ ಹೋಗಿದ್ದೆ. ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಅವರನ್ನು ನೋಡಿಕೊಳ್ಳೋದು ಪಕ್ಕದ ಊರಿಂದ ಬರುವ, ಮೂವತ್ತರ ಆಸುಪಾಸಿನ ಒಬ್ಬ ಮಹಿಳೆ. ದೊಡ್ಡಮ್ಮನಿಗೆ ಮಾತ್ರೆ ನುಂಗೋಕೆ ಆಗಲ್ಲ. ಹಾಗಾಗಿ ಎಲೆಅಡಿಕೆ ಕುಟ್ಟುವ ಕುಟ್ಟಾಣಿಯಲ್ಲೇ ಮಾತ್ರೆ ಪುಡಿ ಮಾಡಿ, ಬೆರಳಲ್ಲಿ ಒರೆಸಿ ಜೇನುತುಪ್ಪಕ್ಕೆ ಹಾಕಿ ಕೊಡ್ತಿದ್ದರು. ಸ್ಟ್ರಿಪ್ ತಿರುಗಿಸಿ ನೋಡಿದೆ: ಮೆಥೋಟ್ರೆಕ್ಸೇಟ್.

ಇದು ಸಂಧಿವಾತಕ್ಕೆ ಸಣ್ಣ ಡೋಸ್‌ನಲ್ಲಿ ಕೊಡುವ ಒಳ್ಳೆಯ ಔಷಧಿ. ಇದೇ ಔಷಧಿಯನ್ನು ದೊಡ್ಡ ಡೋಸ್‌ನಲ್ಲಿ ಕ್ಯಾನ್ಸರ್‌ಗೂ ಕೊಡುತ್ತಾರೆ. ಜೀವಕೋಶಗಳು ಬೆಳೆಯೋದನ್ನು ತಡೆಯುವುದೇ ಇದರ ಕೆಲಸ. ಅದು ರೋಗಿಯ ದೇಹಕ್ಕೆ ಬೇಕು. ಆದರೆ ಕುಟ್ಟುವವರ ಚರ್ಮಕ್ಕೆ, ಶ್ವಾಸಕೋಶಕ್ಕೆ ಬೇಕಾಗಿಲ್ಲ. ಗರ್ಭಿಣಿಯ ದೇಹ ಸೇರಿದರೆ ಭ್ರೂಣಕ್ಕೆ ಹಾನಿ ಮಾಡಬಲ್ಲದು.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಸಂಸ್ಥೆ ನಿಯೋಶ್, ಆರೋಗ್ಯ ಕೆಲಸಗಾರರಿಗೆ ಅಪಾಯಕಾರಿಯಾಗಬಲ್ಲ ಔಷಧಿಗಳ ಬಗ್ಗೆ 2004ರಲ್ಲೇ ಎಚ್ಚರಿಕೆ ಕೊಟ್ಟು ಪಟ್ಟಿ ಮಾಡಿತು. 2024ರಲ್ಲಿ ಆ ಪಟ್ಟಿಯನ್ನು ಪರಿಷ್ಕರಿಸಿತು. ಮೆಥೋಟ್ರೆಕ್ಸೇಟ್ ಅದರಲ್ಲಿದೆ. ವಯಸ್ಸಾದ ಗಂಡಸರ ಪ್ರಾಸ್ಟೇಟ್ ತೊಂದರೆಗೆ ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಕೂಡ ಇವೆ. ಮುರಿದ ಫಿನಾಸ್ಟರೈಡ್ ಮಾತ್ರೆಯನ್ನು, ಸೋರುವ ಡ್ಯುಟಾಸ್ಟರೈಡ್ ಕ್ಯಾಪ್ಸೂಲನ್ನು ಗರ್ಭಿಣಿಯರು ಮುಟ್ಟಲೇಬಾರದು. ಅಂದ್ರೆ ಇದು ಕ್ಯಾನ್ಸರ್ ವಾರ್ಡಿನ ಕಥೆ ಮಾತ್ರ ಅಲ್ಲ, ಜಗಲಿ ಮೇಲಿನ ಔಷಧಿ ಡಬ್ಬಿಯ ಕಥೆ.

ಹೆದರಿಸೋದು ನನ್ನ ಉದ್ದೇಶವಲ್ಲ. ಕೋಟಿಂಗ್ ಇರುವ ಇಡೀ ಮಾತ್ರೆಯನ್ನು ಮುಟ್ಟಿದರೆ ಅಪಾಯ ತೀರಾ ಕಡಿಮೆ. ತೊಂದರೆ ಶುರುವಾಗೋದು ಕುಟ್ಟಿದಾಗ, ಮುರಿದಾಗ, ಕ್ಯಾಪ್ಸೂಲ್ ಬಿಚ್ಚಿದಾಗ. ಆಗ ಪುಡಿ ಗಾಳಿಗೆ ಹಾರುತ್ತೆ, ಕೈಗೆ, ಬಟ್ಟೆಗೆ, ಕುಟ್ಟಾಣಿಗೆ ಅಂಟುತ್ತೆ. ಮರುದಿನ ಅದೇ ಕುಟ್ಟಾಣಿಯಲ್ಲಿ ಎಲೆಅಡಿಕೆ! ಮೆಥೋಟ್ರೆಕ್ಸೇಟನ್ನು ಸಂಧಿವಾತಕ್ಕೆ ವಾರಕ್ಕೆ ಒಂದೇ ದಿನ ತಗೋಬೇಕು. ತಪ್ಪಿ ದಿನಾ ತಗೊಂಡರೆ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ಏನು ಮಾಡಬೇಕು? 'ಗ್ಲೌಸ್ ತಂದುಕೊಡಿ' ಅನ್ನೋದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಎಂಜಿನಿಯರಿಂಗ್ ಓದುವಾಗ ಕಲಿತದ್ದು ಉಲ್ಟಾ: ಮೊದಲು ಅಪಾಯವನ್ನೇ ತೆಗೆಯಿರಿ, ಆಗದಿದ್ದರೆ ಬದಲಿಸಿ, ಆಮೇಲೆ ಕೆಲಸದ ರೀತಿ ತಿದ್ದಿ. ಗ್ಲೌಸು, ಮಾಸ್ಕು ಕೊನೆಯ ಬೇಲಿ.

ಅಪಾಯ ತೆಗೆಯೋದು ಅಂದ್ರೆ, ಕುಟ್ಟುವ ಮೊದಲು ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳೋದು: ಇದನ್ನು ಪುಡಿ ಮಾಡಬಹುದಾ? ದ್ರವರೂಪದಲ್ಲಿ, ಇಂಜೆಕ್ಷನ್ ರೂಪದಲ್ಲಿ ಸಿಗುತ್ತಾ? ಬದಲಿಸೋದು ಅಂದ್ರೆ, ಗರ್ಭಿಣಿ ಅಥವಾ ಗರ್ಭಕ್ಕೆ ಪ್ರಯತ್ನಿಸುತ್ತಿರುವವರು ಆ ಕೆಲಸ ಮಾಡದಂತೆ ನೋಡಿಕೊಳ್ಳೋದು, ಸಂಬಳ ಕಡಿಯದೆ. ರೀತಿ ತಿದ್ದೋದು ಅಂದ್ರೆ, ಮಾತ್ರೆಯನ್ನು ಸ್ಟ್ರಿಪ್‌ನಿಂದ ನೇರ ಚಮಚಕ್ಕೆ ಹಾಕೋದು, ಚೆಲ್ಲಿದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸೋದು, ಕೈ ಸೋಪು ಹಾಕಿ ತೊಳೆಯೋದು. ಈ ಔಷಧಿ ಮೂತ್ರದಲ್ಲೂ ಹೊರಹೋಗುವುದರಿಂದ, ಡೋಸ್ ಆದ ಮೇಲೆ ಸುಮಾರು 48 ಗಂಟೆ ಡೈಪರ್, ಹಾಸಿಗೆ ಬಟ್ಟೆ ಬದಲಿಸುವಾಗ ಗ್ಲೌಸ್ ಹಾಕಬೇಕು.

ಉಳಿದ ಮಾತ್ರೆಗಳನ್ನು ನಮ್ಮ ಕಡೆ ಬಚ್ಚಲ ಒಲೆಗೆ ಹಾಕಿಬಿಡ್ತಾರೆ. ಜೀವಕೋಶ ಕೊಲ್ಲುವ ಇಂಥ ಔಷಧಿಯನ್ನು 1200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖದಲ್ಲಿ ಸುಡಬೇಕು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಆಸ್ಪತ್ರೆಗಳಿಗೆ ಹೇಳುತ್ತವೆ. ಬಚ್ಚಲ ಒಲೆ ಅಷ್ಟು ಕಾಯಲ್ಲ. ಉಳಿದದ್ದನ್ನು ಒಲೆಗೆ ಹಾಕದೆ, ಔಷಧಿ ಕೊಟ್ಟ ಆಸ್ಪತ್ರೆಯಲ್ಲೇ ವಿಚಾರಿಸಿ.

ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ, ಸಾಗರದವರು ಶಿವಮೊಗ್ಗಕ್ಕೆ ಹೋಗಿ ತೋರಿಸಿಕೊಂಡು ಬರ್ತಾರೆ. ಚೀಟಿ ವಾಟ್ಸಾಪಲ್ಲಿ ಮಗನಿಗೆ ಹೋಗುತ್ತೆ. ಡೋಸ್, ಬಿಲ್, ಮುಂದಿನ ಭೇಟಿ ಎಲ್ಲ ಅವನಿಗೆ ಗೊತ್ತು. ದಿನಾ ಅದನ್ನು ಮುಟ್ಟುವವರಿಗೆ ಗೊತ್ತಿರೋದು 'ಹಳದಿ ಮಾತ್ರೆ, ಊಟ ಆದ್ಮೇಲೆ' ಇಷ್ಟೇ.

ಕಾನೂನು ಕಾಪಾಡುತ್ತಾ? 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಸಾಮಾನ್ಯವಾಗಿ ಅದು 10 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯ. ಒಬ್ಬರೇ ಕೆಲಸ ಮಾಡುವ ದೊಡ್ಡಮ್ಮನ ಮನೆ ಆ ಲೆಕ್ಕಕ್ಕೆ ಬರಲ್ಲ. ಅಲ್ಲಿ ಮಾಲೀಕ ಅಂದ್ರೆ ಬೆಂಗಳೂರಿಂದ ಗೂಗಲ್ ಪೇ ಮಾಡುವ ನಾವೇ. ಕಾರ್ಮಿಕರ ಹಕ್ಕಿನ ಬಗ್ಗೆ ಪೋಸ್ಟ್ ಹಾಕುವವರೂ ನಾವೇ!

ತೋಟದಲ್ಲಿ ನಾವು ಇಷ್ಟು ದಡ್ಡರಲ್ಲ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ದಿನ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಕಣ್ಣಿಗೆ ಬೀಳದಂತೆ ನೋಡಿಕೊಳ್ತೀವಿ, ಕೈ ತೊಳೆಯದೆ ಊಟಕ್ಕೆ ಕೂರಲ್ಲ. ತೋಟದಲ್ಲಿ 'ಔಷಧಿ' ಅಂದ್ರೆ ಹುಷಾರು. ಮನೆಯೊಳಗೆ ಅದೇ ಪದ ಕೇಳಿದರೆ ಏನೂ ಆಗಲ್ಲ ಅನ್ನೋ ಧೈರ್ಯ.

ಈ ವಾರ ಮನೆಗೆ ಫೋನ್ ಮಾಡಿದಾಗ ಅಪ್ಪ–ಅಮ್ಮನ ಜೊತೆ ಅವರನ್ನು ನೋಡಿಕೊಳ್ಳುವವರ ಕೈಗೂ ಫೋನ್ ಕೊಡಿ ಅನ್ನಿ. ಯಾವ ಮಾತ್ರೆ ಕುಟ್ಟುತ್ತಿದ್ದಾರೆ, ಯಾವುದರಲ್ಲಿ ಕುಟ್ಟುತ್ತಿದ್ದಾರೆ, ಆಮೇಲೆ ಕೈ ತೊಳೆಯೋಕೆ ಸೋಪು, ಗ್ಲೌಸು ಇದೆಯಾ ಕೇಳಿ. ಚೀಟಿಯ ಅರ್ಥವನ್ನು ಅವರಿಗೂ ಹೇಳಿ.

ದೊಡ್ಡಮ್ಮನಿಗೆ ಈಗ ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಬರೆದಿದ್ದಾರೆ. ಹೊಸ ಕುಟ್ಟಾಣಿ ಬಂದಿದೆ. ಆದರೆ ಅವತ್ತು ಎಲ್ಲ ವಿವರಿಸಿದ ಮೇಲೆ ಆ ಮಹಿಳೆ ಕೇಳಿದ್ದು ಒಂದೇ: "ಇಷ್ಟು ದಿನ ಕುಟ್ಟಿದ್ದಕ್ಕೆ ನಂಗೇನಾದ್ರೂ ಆಗುತ್ತಾ?" ಆಗುವ ಸಾಧ್ಯತೆ ಕಡಿಮೆ, ಆದರೂ ಡಾಕ್ಟರ ಹತ್ತಿರ ಹೇಳಿ ಅಂದೆ. ಆ ಪ್ರಶ್ನೆಯನ್ನು ಅವರು ಮೊದಲ ದಿನವೇ ಕೇಳುವಂತಾಗಬೇಕಿತ್ತು. ಅದಕ್ಕೆ ಬೇಕಾದ ಮಾಹಿತಿ ನಮ್ಮ ಫೋನಲ್ಲೇ ಇತ್ತು.