ಮಾವು ಮಾಗಿಸಲು ಕಾರ್ಬೈಡ್ ಬೇಡ

ಏಪ್ರಿಲ್ ತಿಂಗಳು ಬಂತೆಂದರೆ ಬೆಂಗಳೂರಿನ ಜಯನಗರ 4ನೇ ಬ್ಲಾಕ್, ಬನಶಂಕರಿ ಹಾಗೂ ಜೆ.ಪಿ. ನಗರದ ಸಾರಕ್ಕಿ ಮಾರುಕಟ್ಟೆಗಳಲ್ಲಿ ಮಾವು ಕಾಣಿಸಿಕೊಳ್ಳತೊಡಗುತ್ತದೆ. ರಾಮನಗರ, ಚನ್ನಪಟ್ಟಣದ ಕಡೆಯ ಹಣ್ಣು ಮೊದಲು, ಶ್ರೀನಿವಾಸಪುರದ್ದು ಅನಂತರ. ಮೊದಲು ಬಂದ ಹಣ್ಣಿಗೆ ಬೆಲೆ ಹೆಚ್ಚು. ಈ ಆಸೆಗೆ ಬಲಿಯದ ಕಾಯಿಯನ್ನೇ ಕಿತ್ತು, ಕಾರ್ಬೈಡ್ ಪೊಟ್ಟಣವಿಟ್ಟು ಬಣ್ಣ ಬರಿಸುವ ರೂಢಿ ಕೆಲವೆಡೆ ಇದೆ. ಇದರಿಂದ ಬೆಳೆದವನಿಗೂ ಹಿತವಿಲ್ಲ, ತಿನ್ನುವವನಿಗೂ ಹಿತವಿಲ್ಲ.

ಕಾರ್ಬೈಡ್ ಎಂದರೇನು?

ಸುಟ್ಟ ಸುಣ್ಣ ಮತ್ತು ಕೋಕ್ ಇದ್ದಿಲನ್ನು ವಿದ್ಯುತ್ ಕುಲುಮೆಯಲ್ಲಿ ಸುಮಾರು 2000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿದಾಗ ಕ್ಯಾಲ್ಸಿಯಂ ಕಾರ್ಬೈಡ್ ದೊರೆಯುತ್ತದೆ. ಇದಕ್ಕೆ ನೀರು ತಗಲಿದರೆ ಅಸಿಟಿಲೀನ್ ಅನಿಲ ಹೊರಟು, ಸುಣ್ಣ ಉಳಿಯುತ್ತದೆ. ಜರ್ಮನಿಯ ವೋಲರ್ ಎಂಬ ವಿಜ್ಞಾನಿ ಇದನ್ನು 1862ರಲ್ಲೇ ಕಂಡುಕೊಂಡನು. ಒಂದು ಕಿಲೋ ಕಾರ್ಬೈಡಿನಿಂದ ಸುಮಾರು 300 ಲೀಟರ್ ಅನಿಲ ಬರುತ್ತದೆ. ಬೆಸುಗೆಗೆ ಬಳಸುವುದು ಈ ಅನಿಲವನ್ನೇ.

ಮಾವು ತಾನಾಗಿ ಹಣ್ಣಾಗುವಾಗ ಕಾಯಿಯೊಳಗೆ ಎಥಿಲೀನ್ ಉತ್ಪತ್ತಿಯಾಗುತ್ತದೆ. ಅಸಿಟಿಲೀನ್ ಅದನ್ನು ಹೋಲುವುದರಿಂದ, ಕಾಯಿಯ ತೇವಕ್ಕೆ ಕಾರ್ಬೈಡ್ ಕರಗಿದಾಗ ಸಿಪ್ಪೆ ಹಳದಿಯಾಗುತ್ತದೆ. ಆದರೆ ಬಲಿಯದ ಕಾಯಿಗೆ ಸಿಹಿ, ಪರಿಮಳ ಬಾರದು.

ಅಪಾಯವೆಲ್ಲಿ?

ಬೆಸುಗೆಯ ಕಾರ್ಬೈಡಿನಲ್ಲಿ ರಂಜಕ ಮತ್ತು ಆರ್ಸೆನಿಕ್ಕಿನ ಕಲ್ಮಷಗಳಿರುತ್ತವೆ. ನೀರು ತಗಲಿದಾಗ ಇವುಗಳಿಂದ ಫಾಸ್ಫೀನ್, ಆರ್ಸೀನ್ ಎಂಬ ವಿಷಾನಿಲಗಳು ಹೊರಡುತ್ತವೆ. ಬೆಳ್ಳುಳ್ಳಿಯಂಥ ವಾಸನೆಯೇ ಅದರ ಗುರುತು. ಮುಚ್ಚಿದ ಕೊಠಡಿಯಲ್ಲಿ ಪೊಟ್ಟಣ ಇಡುವ ಆಳು ಇದನ್ನು ಎಲ್ಲರಿಗಿಂತ ಮೊದಲು ಉಸಿರಾಡುತ್ತಾನೆ. ಒಂದು ಬೀಡಿಯ ಕಿಡಿ ಸಾಕು, ಅಸಿಟಿಲೀನ್ ಸಿಡಿಯುತ್ತದೆ. ಕಾರ್ಬೈಡಿಗೆ ಬೆಂಕಿ ಹತ್ತಿದರೆ ನೀರು ಸುರಿಯದೆ ಒಣ ಮರಳು ಹಾಕಬೇಕು. ಕಣ್ಣಿಗೆ ಬಿದ್ದರೆ ಉಜ್ಜದೆ, ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕಾರ್ಬೈಡಿನಿಂದ ಮಾಗಿಸಿದ ಹಣ್ಣಿನ ಮಾರಾಟವನ್ನು 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ತೋಪನ್ನು ಗುತ್ತಿಗೆಗೆ ಕೊಟ್ಟವರೂ ಈ ಮಾತನ್ನು ಕರಾರಿನಲ್ಲಿ ಬರೆಸುವುದು ಒಳ್ಳೆಯದು.

ಸರಿಯಾದ ಕ್ರಮ

1. ಬಲಿತ ಕಾಯಿಯನ್ನೇ ಕೀಳಬೇಕು. ತೊಟ್ಟಿನ ಪಕ್ಕದ ಭುಜಗಳು ತುಂಬಿರಬೇಕು. ಬಲಿತ ಕಾಯಿ ನೀರಿನಲ್ಲಿ ಮುಳುಗುತ್ತದೆ, ಎಳೆಯದು ತೇಲುತ್ತದೆ.

2. ತೊಟ್ಟು ಸಹಿತ ಕಿತ್ತು, ಸೊನೆ ಸಿಪ್ಪೆಗೆ ತಾಗದಂತೆ ನೋಡಿಕೊಳ್ಳಬೇಕು.

3. ಸ್ವಲ್ಪ ಫಸಲಿದ್ದವರಿಗೆ ಒಣ ಭತ್ತದ ಹುಲ್ಲಿನ ಹಾಸೇ ಸಾಕು. ಸುಮಾರು ಒಂದು ವಾರದಲ್ಲಿ ಹಣ್ಣಾಗುತ್ತದೆ.

4. ಹೆಚ್ಚು ಫಸಲಿದ್ದರೆ ಎಥಿಲೀನ್ ಕೊಠಡಿ ಸೂಕ್ತ. 10 ಲಕ್ಷ ಭಾಗ ಗಾಳಿಗೆ 100 ಭಾಗದವರೆಗೆ ಎಥಿಲೀನ್ ಬಳಸಲು ಕಾನೂನಿನ ಒಪ್ಪಿಗೆಯಿದೆ. ಹಲವು ರೈತರು ಕೂಡಿ ಒಂದು ಕೊಠಡಿ ಮಾಡಿಕೊಂಡರೆ ಖರ್ಚು ಹಗುರವಾಗುತ್ತದೆ.

5. ಎಥೆಫಾನ್ ದ್ರಾವಣದಲ್ಲಿ ಹಣ್ಣನ್ನು ಅದ್ದಬಾರದು. ಅದರಿಂದ ಹೊರಡುವ ಅನಿಲ ಮಾತ್ರ ಹಣ್ಣಿಗೆ ತಗಲಬೇಕು.

ಬಣ್ಣ ನೋಡಿ ಕೊಂಡ ಗ್ರಾಹಕ ಹುಳಿ ಕಂಡರೆ ಮತ್ತೆ ಆ ಅಂಗಡಿಗೆ ಬಾರನು. ಒಂದು ವಾರ ಕಾದು ಬಲಿತ ಬಾದಾಮಿ, ರಸಪುರಿಯನ್ನು ಮಾರುಕಟ್ಟೆಗೆ ಕಳಿಸಿದ ರೈತನ ಹಣ್ಣನ್ನು ಗ್ರಾಹಕನೇ ಕೇಳಿ ಕೊಳ್ಳುತ್ತಾನೆ.